ದಾಸ್ಯದಿಂದ ಸಖ್ಯಕ್ಕೆ: ಬಳ್ಳಾರಿ ಸೀಮೆಯ ಕ್ರೈಸ್ತ ಸೇವೆಯೂ ಕನ್ನಡ ನುಡಿಯೂ

ಸಂಪೂರ್ಣ ಬೈಬಲಿನ ಮೊದಲ ಕನ್ನಡ ಅನುವಾದವು 1831ರಲ್ಲಿ ಬಳ್ಳಾರಿಯಲ್ಲಿ ಸಿದ್ಧಗೊಂಡು ಅಚ್ಚಾಯಿತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅವರು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ ತರುವಾಯ ನಡೆದ ಸುಮಾರು ಎರಡು ದಶಕಗಳ ದುಡಿಮೆಯ ಫಲವದು. ಹ್ಯಾಂಡ್ಸ್ ಅವರ ಸಹೋದ್ಯೋಗಿಯಾಗಿದ್ದ ವಿಲಿಯಂ ರೀವ್ ಅವರು 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಕನ್ನಡದ ಮುದ್ರಣ, ಗದ್ಯ ಹಾಗೂ ಕೋಶರಚನೆಯ ಚರಿತ್ರೆಗಳಲ್ಲಿ ಈ ಸಂಗತಿಗಳು ಸಾಕಷ್ಟು ದಾಖಲಾಗಿವೆ. ಆದರೆ ಈ ದುಡಿಮೆಯ ಬೆನ್ನಹಿಂದೆ ನಿಂತ ಒಂದು ನಂಬಿಕೆಯು ಸಾಹಿತ್ಯ ವಿಮರ್ಶೆಯ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಪರರ ನಿಃಸ್ವಾರ್ಥ ಸೇವೆಯಲ್ಲಿಯೇ ನಿಜವಾದ ಪ್ರೀತಿಯೂ ಬಾಳಿನ ಸಾರ್ಥಕ್ಯವೂ ದೊರೆಯುತ್ತವೆ ಎಂಬುದೇ ಆ ನಂಬಿಕೆ.

ಈ ನಂಬಿಕೆಯನ್ನು ಓದುವ ಎರಡು ಬಗೆಗಳು ಬಳಕೆಯಲ್ಲಿವೆ. ಮೊದಲನೆಯದು ಚರಿತ್ರಕಾರ ಭಕ್ತರ ಬಗೆ. ಮಿಷನರಿಯನ್ನು ತ್ಯಾಗಮೂರ್ತಿಯೆಂದು ಕಾಣುವ ಈ ಓದು, ಆತ ಬಿಟ್ಟುಬಂದ ಊರು, ಕಳೆದುಕೊಂಡ ಆರೋಗ್ಯ, ಮಣ್ಣುಗೊಟ್ಟ ಮಕ್ಕಳು ಇವೆಲ್ಲವನ್ನೂ ಎಣಿಸಿ ಸೇವೆಯ ತೂಕವನ್ನು ನಿರ್ಧರಿಸುತ್ತದೆ. ಎರಡನೆಯದು ವಸಾಹತುಶಾಹಿ ವಿರೋಧಿ ಬಗೆ. ಮತಾಂತರದ ಉದ್ದೇಶವಿರುವಾಗ ಸೇವೆಯು ನಿಃಸ್ವಾರ್ಥವಾಗಲಾರದೆಂದು ಈ ಓದು ವಾದಿಸುತ್ತದೆ. ಶಾಲೆ, ಔಷಧಾಲಯ, ಅಚ್ಚುಕೂಟಗಳೆಲ್ಲ ಅದರ ದೃಷ್ಟಿಯಲ್ಲಿ ಉಪಾಯಗಳು ಮಾತ್ರ. ಎರಡೂ ಓದುಗಳಲ್ಲಿ ಸತ್ಯಾಂಶವಿದೆ. ಆದರೆ ಎರಡರಲ್ಲಿಯೂ ಒಂದೇ ಕೊರತೆ ಉಳಿದಿದೆ. ಸೇವೆಯೆಂದರೆ ಒಬ್ಬ ಕೊಡುವುದು, ಇನ್ನೊಬ್ಬ ಪಡೆಯುವುದು ಎಂಬ ಗ್ರಹಿಕೆಯನ್ನು ಎರಡೂ ಪ್ರಶ್ನಿಸದೆ ಒಪ್ಪಿಕೊಂಡಿವೆ. ಕೊಟ್ಟವನ ಮನಸ್ಸನ್ನು ಒಂದು ಹೊಗಳುತ್ತದೆ, ಇನ್ನೊಂದು ಶಂಕಿಸುತ್ತದೆ. ಪಡೆದವನು ಎರಡರಲ್ಲಿಯೂ ಮೂಕನಾಗಿದ್ದಾನೆ. ಬಳ್ಳಾರಿ ಸೀಮೆಯ ನುಡಿಪರಿಸರದಲ್ಲಿ ಈ ಪ್ರಶ್ನೆಯನ್ನು ಮತ್ತೊಮ್ಮೆ ಇಟ್ಟು ನೋಡಿದಾಗ ಬೇರೆಯೇ ಆದ ಚಿತ್ರವೊಂದು ಕಾಣಸಿಗುತ್ತದೆ. ಸೇವೆಯು ಪ್ರೀತಿಯಾಗುವುದು ಸೇವಕನು ತಾನೂ ಉಪಕೃತನೆಂದು ಅರಿತಾಗ ಎಂಬುದನ್ನು ಆ ಚಿತ್ರ ತೋರಿಸಿಕೊಡುತ್ತದೆ.

1. ಮೂರು ಊರು, ಮೂರು ನುಡಿ

ಬಳ್ಳಾರಿ ಸೀಮೆಯು 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ದತ್ತ ಮಂಡಲದ ಭಾಗ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಅದು ಮದರಾಸಿನ ಆಡಳಿತದಲ್ಲಿತ್ತು. ಹ್ಯಾಂಡ್ಸ್ ಅವರು ಬಂದಾಗ ಈ ನೆಲ 'ಸೇವೆ' ಎಂಬ ಮಾತಿಗೆ ಹೊಸದಾಗಿರಲಿಲ್ಲ. ಅದಕ್ಕೆ ನೆರೆಯಾಗಬಲ್ಲ ಎರಡು ಪ್ರಬಲ ಪದಗಳು ಇಲ್ಲಿ ಆಗಲೇ ಬೇರುಬಿಟ್ಟಿದ್ದವು.

ಮೊದಲನೆಯದು ದಾಸೋಹ. ಬಳ್ಳಾರಿಯಿಂದ ಕೆಲವೇ ಹರಿದಾರಿ ದೂರದ ಕುರುಗೋಡು, ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ಸಿಂದರು ಹನ್ನೆರಡನೆಯ ಶತಮಾನದಲ್ಲಿ ಆಳಿದ ಊರು. ಅಲ್ಲಿನ ದೊಡ್ಡ ಬಸವೇಶ್ವರ ದೇವಾಲಯದ ಬೃಹತ್ ನಂದಿಯೂ ಊರಿನ ಸುತ್ತ ಹರಡಿರುವ ಶೈವ ಗುಡಿಗಳೂ ಆ ಪರಂಪರೆಯ ಕುರುಹುಗಳಾಗಿ ಉಳಿದಿವೆ. ಶರಣರ ಚಿಂತನೆಯಲ್ಲಿ ದಾನಕ್ಕೂ ದಾಸೋಹಕ್ಕೂ ಅಂತರವಿದೆ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ. 'ದಾಸೋಹಂ', ಅಂದರೆ 'ನಾನು ದಾಸ' ಎಂಬ ಅರಿವಿನಿಂದ ಹುಟ್ಟಿದ ದಾಸೋಹದಲ್ಲಿ ಉಣಬಡಿಸುವವನೇ ಋಣಿ. ಉಣ್ಣಲು ಬಂದವನು ಆತನಿಗೆ ಅವಕಾಶವನ್ನು ಕೊಟ್ಟವನು.

ಎರಡನೆಯದು ದಾಸ್ಯ. ತುಂಗಭದ್ರೆಯ ದಂಡೆಯ ಸಿರುಗುಪ್ಪವು ವಿಜಯನಗರ ಕಾಲದ ಕಾಲುವೆಗಳ ನೀರುಂಡು ಬತ್ತ ಬೆಳೆದ ಸೀಮೆ. ಹೊಳೆ ದಾಟಿದರೆ ರಾಯಚೂರು ನಾಡು. ಅಲ್ಲಿಂದ ಮುಂದೆ ಮಾನ್ವಿ. 'ಹರಿಕಥಾಮೃತಸಾರ'ವನ್ನು ರಚಿಸಿದ ಜಗನ್ನಾಥದಾಸರ ಕಾರ್ಯಕ್ಷೇತ್ರವದು. ಅವರು ಕಾಲವಾದದ್ದು 1809ರಲ್ಲಿ. ಹ್ಯಾಂಡ್ಸ್ ಅವರು ಬಳ್ಳಾರಿಗೆ ಕಾಲಿಟ್ಟದ್ದು ಅದರ ಮರುವರ್ಷ. ಈ ಎರಡು ವರ್ಷಗಳು ಹತ್ತಿರ ಬಿದ್ದಿರುವುದು ಕೇವಲ ಕಾಕತಾಳೀಯವೇ ಸರಿ. ಆದರೂ ಹೊಸ ಧರ್ಮದ ಮಾತು ಬಂದು ಇಳಿದದ್ದು ಎಂತಹ ನೆಲದ ಮೇಲೆ ಎಂಬುದನ್ನು ಅದು ಸ್ಪಷ್ಟಪಡಿಸುತ್ತದೆ. ಪುರಂದರದಾಸರ ನೆನಪನ್ನು ಉಳಿಸಿಕೊಂಡ ಹಂಪೆಯೂ 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಳ್ಳುವವರೆಗೆ ಬಳ್ಳಾರಿ ಜಿಲ್ಲೆಯಲ್ಲಿಯೇ ಇತ್ತು. ದಾಸರ ಪದಗಳು ಭಜನೆಯ ಮೂಲಕ ಅಕ್ಷರ ಅರಿಯದವರ ಬಾಯಲ್ಲಿಯೂ ನೆಲೆಸಿದ್ದ ಸೀಮೆಯಿದು.

ಮೂರನೆಯದಾಗಿ ಬಳ್ಳಾರಿಯ ದಂಡುಪ್ರದೇಶದ ಪಕ್ಕದಲ್ಲಿ ಕ್ರೈಸ್ತ 'ಸೇವೆ' ತಲೆಯೆತ್ತಿತು. ಗುಡಿಯ ಪರಿಸರದಲ್ಲಿ ಸೇವೆಯೆಂದರೆ ದೇವರಿಗೆ ಸಲ್ಲುವುದು: ಪಾದಸೇವೆ, ಉರುಳುಸೇವೆ, ಪಲ್ಲಕ್ಕಿಸೇವೆ. ಆ ಪದವನ್ನು ರೋಗಿಯ, ಅನಾಥನ, ಓದುಬರಹ ಕಲಿಯದವನ ಕಡೆಗೆ ತಿರುಗಿಸಿದ್ದು ಆಧುನಿಕ ಕನ್ನಡದ ಒಂದು ಮಹತ್ವದ ಅರ್ಥಪಲ್ಲಟ. ಈ ಪಲ್ಲಟಕ್ಕೆ ಕ್ರೈಸ್ತ ಸಂಸ್ಥೆಗಳಷ್ಟೇ ಕಾರಣವೆಂದು ಹೇಳಲಾಗದು. ಮುಂದೆ ಗಾಂಧೀಯುಗವೂ ರಾಮಕೃಷ್ಣಾಶ್ರಮಗಳೂ ಅದನ್ನು ಬಲಪಡಿಸಿದವು. ಆದರೆ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಹಸಿದವನಿಗೆ, ಬಾಯಾರಿದವನಿಗೆ, ಸೆರೆಯಲ್ಲಿದ್ದವನಿಗೆ ಮಾಡಿದ್ದು ದೇವರಿಗೇ ಸಂದಿತೆಂಬ ಬೋಧೆಯಿದೆ. ಗುಡಿಯ ಸೇವೆಗೂ ಬೀದಿಯ ಸೇವೆಗೂ ಅದು ನೇರವಾದ ಕೊಂಡಿ ಹಾಕಿತೆಂಬುದು ಗಮನಾರ್ಹ.

2. ದಾರಿಯಲ್ಲಿ ಬಿದ್ದವನು ಯಾರು?

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಸಮಾರ್ಯದವನ ಸಾಮತಿ ಕ್ರೈಸ್ತ ಸೇವೆಯ ಮೂಲ ಕಥನ. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಯಾಜಕನೂ ಲೇವಿಯನೂ ದಾಟಿ ಹೋಗುತ್ತಾರೆ. ಜನಾಂಗದವರು ಹೀನವೆಂದು ಕಂಡ ಸಮಾರ್ಯದವನು ನಿಂತು ಆರೈಕೆ ಮಾಡುತ್ತಾನೆ. ಮಿಷನರಿ ಬರವಣಿಗೆಯು ಈ ಕಥೆಯನ್ನು ಸಾಮಾನ್ಯವಾಗಿ ಒಂದೇ ಬಗೆಯಲ್ಲಿ ಅನ್ವಯಿಸಿಕೊಂಡಿದೆ: ಮಿಷನರಿಯೇ ಸಮಾರ್ಯದವನು, ನಾಡವರೇ ಗಾಯಾಳುಗಳು. ಬಳ್ಳಾರಿಯ ಅನುವಾದ ಕಾರ್ಯವನ್ನು ಹತ್ತಿರದಿಂದ ನೋಡಿದರೆ ಈ ಪಾತ್ರಹಂಚಿಕೆ ತಲೆಕೆಳಗಾಗುತ್ತದೆ.

1810ರಲ್ಲಿ ಹ್ಯಾಂಡ್ಸ್ ಅವರ ಸ್ಥಿತಿಯನ್ನು ಕಲ್ಪಿಸಿಕೊಳ್ಳಬಹುದು. ಕಂಪನಿಯ ಆಡಳಿತ ಮಿಷನರಿಗಳಿಗೆ ಬಾಗಿಲು ತೆರೆದದ್ದು 1813ರ ಸನ್ನದಿನ ತರುವಾಯ. ಅದಕ್ಕೂ ಮೂರು ವರ್ಷ ಮೊದಲು ಬಂದ ಅವರಿಗೆ ಅಧಿಕಾರಿಗಳ ಔದಾರ್ಯವೇ ಆಸರೆ. ಇಂಗ್ಲಿಷ್-ಕನ್ನಡ ನಿಘಂಟು ಅಚ್ಚಾಗುವುದಕ್ಕೆ ಇನ್ನೂ ಹದಿನಾಲ್ಕು ವರ್ಷಗಳಿದ್ದವು. ಕನ್ನಡ ಪುಸ್ತಕವೆಂದರೆ ಓಲೆಗರಿ, ಕಡತ. ನುಡಿಯಿಲ್ಲದವನಾಗಿ ದಾರಿಯಲ್ಲಿ ಬಿದ್ದಿದ್ದವರು ಹ್ಯಾಂಡ್ಸ್ ಅವರೇ. ಅವರನ್ನು ಎತ್ತಿ ನಿಲ್ಲಿಸಿದವರು ಮುನ್ಷಿಗಳು, ಪಂಡಿತರು. ಅಕ್ಷರ ತಿದ್ದಿಸಿದವರು, ವಿಭಕ್ತಿ ಪ್ರತ್ಯಯಗಳನ್ನು ಬಾಯಿಗೆ ಕೂರಿಸಿದವರು, 'ಹೀಗೆ ಹೇಳಿದರೆ ನಮ್ಮವರಿಗೆ ತಿಳಿಯದು' ಎಂದು ತಡೆದವರು ಅವರು. ತಮ್ಮದಲ್ಲದ ಧರ್ಮದ ಗ್ರಂಥವೊಂದು ತಮ್ಮ ನುಡಿಯಲ್ಲಿ ಚೆನ್ನಾಗಿ ಮೂಡಲೆಂದು ದುಡಿದ ಇವರಿಗೆ ಸಂಬಳ ದೊರೆಯುತ್ತಿತ್ತು, ನಿಜ. ಆದರೆ ಮಿಷನರಿಗೂ ಸೊಸೈಟಿಯಿಂದ ಸಂಬಳ ಬರುತ್ತಿತ್ತು. ಒಬ್ಬರ ಸಂಬಳವು ಸೇವೆಯನ್ನು ಕುಂದಿಸದಿದ್ದಲ್ಲಿ ಇನ್ನೊಬ್ಬರದೂ ಕುಂದಿಸಬೇಕಾಗಿಲ್ಲ. ಕನ್ನಡ ಬೈಬಲಿನ ಚರಿತ್ರೆಯಲ್ಲಿ ಹ್ಯಾಂಡ್ಸ್, ರೀವ್ ಅವರ ಹೆಸರುಗಳು ನಿಂತಿವೆ, ಮುನ್ಷಿಗಳ ಹೆಸರು ಮರೆಗೆ ಸರಿದಿದೆ. ಹೆಸರನ್ನು ಬಯಸದೆ ಮಾಡಿದ್ದು ನಿಃಸ್ವಾರ್ಥ ಸೇವೆ ಎಂಬ ಲಕ್ಷಣವನ್ನು ಪ್ರಾಮಾಣಿಕವಾಗಿ ಅನ್ವಯಿಸಿದಲ್ಲಿ ಬಳ್ಳಾರಿಯ ಸಮಾರ್ಯದವರು ಇವರೇ ಆಗುತ್ತಾರೆ. ಸಾಮತಿಯೂ ತನ್ನ ನಾಯಕನಿಗೆ ಹೆಸರು ಕೊಟ್ಟಿಲ್ಲವೆಂಬುದು ಇಲ್ಲಿ ನೆನಪಿಗೆ ಬರುವಂಥದು.

ಮಿಷನಿನ ಒಳಗೂ ಇಂತಹ ಪ್ರಶ್ನೆಗೆ ಆಸ್ಪದವಿದೆ. ತಮಿಳು ಮೂಲದ ಸ್ಯಾಮ್ಯುಯೆಲ್ ಫ್ಲೇವೆಲ್ ಅವರು 1827ರಿಂದ 1847ರಲ್ಲಿ ತೀರಿಕೊಳ್ಳುವವರೆಗೆ ಬಳ್ಳಾರಿಯ ದೇಶೀ ಸಭೆಯ ಪಾಲಕರಾಗಿ ದುಡಿದರು. ಎರಡು ದಶಕಗಳ ಕಾಲ ಒಂದೇ ಊರಿನ ಬೀದಿಗಳಲ್ಲಿ ನಡೆದ ಈ ದುಡಿಮೆಗೆ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಒಂದು ಸಾಲೂ ಮೀಸಲಾಗಿಲ್ಲ. ಗ್ರಂಥ ಬಿಟ್ಟುಹೋದವರ ಸೇವೆ ಚರಿತ್ರೆಯಾಗುತ್ತದೆ. ಮನೆಮನೆಗೆ ನಡೆದವರ ಸೇವೆ ನಡೆದ ಕಾಲದಲ್ಲಿಯೇ ಕರಗಿಹೋಗುತ್ತದೆ. ಸೇವೆಯನ್ನು ಕುರಿತ ಯಾವ ವಿಮರ್ಶೆಯಾದರೂ ಈ ಅಸಮತೋಲನವನ್ನು ಗಮನಿಸಿ ಮುಂದುವರಿಯಬೇಕಾಗುತ್ತದೆ.

3. 'ಪ್ರೀತಿ' ಎಂಬ ಆಯ್ಕೆ

ಗ್ರೀಕ್ ಹೊಸ ಒಡಂಬಡಿಕೆಯಲ್ಲಿ 'ಅಗಾಪೆ' ಎಂಬ ಪದ ಕ್ರೈಸ್ತ ಪ್ರೀತಿಯ ತಿರುಳು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೆಯ ಅಧ್ಯಾಯ ಅದರ ಪ್ರಸಿದ್ಧ ನಿರೂಪಣೆ. 1611ರ ಇಂಗ್ಲಿಷ್ ಅನುವಾದಕರು ಲ್ಯಾಟಿನ್ನಿನ 'ಕಾರಿತಾಸ್' ಪದದ ಜಾಡು ಹಿಡಿದು ಈ ಅಧ್ಯಾಯದಲ್ಲಿ 'ಚಾರಿಟಿ' ಎಂಬ ಪದವನ್ನು ಬಳಸಿದರು. 1881ರ ಪರಿಷ್ಕರಣೆಯಲ್ಲಿ ಅದು 'ಲವ್' ಆಯಿತು. ನಡುವಿನ ಶತಮಾನಗಳಲ್ಲಿ 'ಚಾರಿಟಿ' ಎಂಬುದು ದಾನ, ಉಪಕಾರ ಎಂಬ ಅರ್ಥಕ್ಕೆ ಸಂಕುಚಿತಗೊಂಡಿತ್ತು. ಕನ್ನಡದಲ್ಲಿ ಅದೇ ಜಾಡನ್ನು ಹಿಡಿದಿದ್ದರೆ 'ಧರ್ಮ' ಎಂಬ ಪದ ಕೈಗೆಟುಕುವಂತಿತ್ತು. ಧರ್ಮಛತ್ರ, ಧರ್ಮಾಸ್ಪತ್ರೆ, 'ಧರ್ಮ ಮಾಡಿ ತಾಯೀ' ಎಂಬ ಭಿಕ್ಷುಕನ ಕರೆ ಇವೆಲ್ಲ ಆ ಅರ್ಥದಲ್ಲಿ ಚಾಲ್ತಿಯಲ್ಲಿದ್ದವು.

1831ರ ಪಠ್ಯವು ಮುಂದೆ ಹಲವು ಪರಿಷ್ಕರಣೆಗಳನ್ನು ಕಂಡಿದೆ. ಇಂದು ಬಳಕೆಯಲ್ಲಿರುವ ಸತ್ಯವೇದದಲ್ಲಿ ಈ ಅಧ್ಯಾಯದ ಪದ 'ಪ್ರೀತಿ'. ಮಗುವಿನ ಮೇಲೆ, ಎತ್ತಿನ ಮೇಲೆ, ಗೆಳೆಯನ ಮೇಲೆ ಹರಿಯುವ ಅದೇ ದಿನಬಳಕೆಯ ಪ್ರೀತಿ. ಈ ಆಯ್ಕೆಯ ಪರಿಣಾಮ ದೊಡ್ಡದು. ಧರ್ಮವನ್ನು ಮೇಲಿನಿಂದ ಕೆಳಕ್ಕೆ ಮಾಡಬಹುದು; ಪ್ರೀತಿಯನ್ನು ಹಾಗೆ ಮಾಡಲಾಗದು. ಪ್ರೀತಿಸುವವನು ಮರುಪ್ರೀತಿಯ ಮುಂದೆ, ಅದರ ನಿರಾಕರಣೆಯ ಮುಂದೆ ದುರ್ಬಲನಾಗಿ ನಿಲ್ಲಬೇಕಾಗುತ್ತದೆ. ಸೇವೆ ಮಾಡಿ ಕೃತಜ್ಞತೆಯನ್ನು ನಿರೀಕ್ಷಿಸುವವನಿಗೆ ಧರ್ಮವೆಂಬ ಪದ ಸಾಕು. ಸೇವೆ ಮಾಡಿ ಪ್ರೀತಿಯನ್ನು ಅರಸುವವನು ತನ್ನ ಎತ್ತರದಿಂದ ಇಳಿಯದೆ ವಿಧಿಯಿಲ್ಲ.

ಇದೇ ಸತ್ಯವೇದದಲ್ಲಿ ಪೌಲನು ತನ್ನನ್ನು ಕ್ರಿಸ್ತನ 'ದಾಸ'ನೆಂದು ಕರೆದುಕೊಳ್ಳುತ್ತಾನೆ. ಸಭೆಯ ಪರಿಚಾರಕರು 'ಸಭಾಸೇವಕ'ರೆನಿಸುತ್ತಾರೆ. ದಾಸನೆಂಬ ಪದವನ್ನು ಓದುವ ಈ ಸೀಮೆಯ ಓದುಗನಿಗೆ ರೋಮನ್ ಸಾಮ್ರಾಜ್ಯದ ಕ್ರೀತದಾಸನಿಗಿಂತ ಮೊದಲು ತಂಬೂರಿ ಹಿಡಿದ ಹರಿದಾಸನೇ ಕಣ್ಣಮುಂದೆ ಬರುತ್ತಾನೆ. ಅನುವಾದದಲ್ಲಿ ಗುಲಾಮಗಿರಿಯ ಕಹಿ ಕಡಿಮೆಯಾಗಿ ಭಕ್ತಿಯ ಸವಿ ಸೇರಿಕೊಂಡಿದೆ. ಮೂಲನಿಷ್ಠೆಯ ದೃಷ್ಟಿಯಿಂದ ಇದು ನಷ್ಟವೆನ್ನಬಹುದು. ಆದರೆ ಅರ್ಥದ ದೃಷ್ಟಿಯಿಂದ ಕನ್ನಡವು ಬೈಬಲಿಗೆ ಕೊಟ್ಟ ಕಾಣಿಕೆಯೂ ಅದೇ ಆಗಿದೆ.

4. ಬರಗಾಲದ ಒರೆಗಲ್ಲು

ಪದಗಳ ಮಟ್ಟದಲ್ಲಿ ಕಂಡದ್ದನ್ನು ಬದುಕಿನ ಮಟ್ಟದಲ್ಲಿ ಒರೆಗೆ ಹಚ್ಚಿದ್ದು 1876-78ರ ಮಹಾಕ್ಷಾಮ. ಮದರಾಸು ಪ್ರಾಂತ್ಯದಲ್ಲಿ ಅದರ ಹೊಡೆತವನ್ನು ಅತ್ಯಂತ ತೀವ್ರವಾಗಿ ಉಂಡ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಮಳೆಯನ್ನೇ ನಂಬಿದ ಎರೆಭೂಮಿಯಲ್ಲಿ ಬೆಳೆ ನಾಶವಾಯಿತು. ಕಂಕಾಲಗಳಾದ ಜನ ಪರಿಹಾರ ಕಾಮಗಾರಿಗಳತ್ತ ನಡೆದರು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಅವರು ಸರ್ಕಾರದ ಪ್ರತಿನಿಧಿಯಾಗಿ ಬಂದು ದುಡಿಯುವವನ ದಿನದ ಧಾನ್ಯವನ್ನು ಒಂದು ಪೌಂಡಿಗೆ ಇಳಿಸಿದರು. ಮದರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ಕಾರ್ನಿಷ್ ಅವರು ಇಷ್ಟರಿಂದ ಜೀವ ನಿಲ್ಲದೆಂದು ಪ್ರತಿಭಟಿಸಿದರು. ಇಲ್ಲಿ ಚರ್ಚೆಗೆ ಒಳಗಾದದ್ದು ಕರುಣೆಯ ಅಳತೆ. ಎಷ್ಟು ಕೊಟ್ಟರೆ ಸಾಕು ಎಂಬ ಲೆಕ್ಕ ಆಡಳಿತಕ್ಕೆ ಅನಿವಾರ್ಯ; ಅದೇ ಲೆಕ್ಕ ಪ್ರೀತಿಗೆ ಅನ್ಯ.

ಲಂಡನ್ನಿನ ಮ್ಯಾನ್ಶನ್ ಹೌಸ್ ನಿಧಿಯ ಹಣವು ದಕ್ಷಿಣದ ಜಿಲ್ಲೆಗಳಿಗೆ ಹರಿದುಬಂದಾಗ ಅದನ್ನು ಹಂಚಿದ ಸ್ಥಳೀಯ ಸಮಿತಿಗಳಲ್ಲಿ ಅಧಿಕಾರಿಗಳೊಡನೆ ಮಿಷನರಿಗಳೂ ಊರಿನ ಗಣ್ಯರೂ ಇದ್ದರು. ಹಸಿದವನಿಗೆ ಅನ್ನ ಕೊಡುವ ಕೈಯೇ ದೀಕ್ಷಾಸ್ನಾನವನ್ನೂ ಕೊಡುವ ಕೈಯಾದಾಗ ನಿಃಸ್ವಾರ್ಥತೆಯ ಪ್ರಶ್ನೆ ತೀಕ್ಷ್ಣವಾಗುತ್ತದೆ. ಈ ಪ್ರಶ್ನೆಯನ್ನು ಅಂದಿನ ಕೆಲವು ಮಿಷನರಿಗಳೇ ಎದುರಿಸಿದ್ದರು. ಅದೇ ಪ್ರಾಂತ್ಯದ ಒಂಗೋಲಿನಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನಿನ ಜಾನ್ ಕ್ಲೌ ಅವರು ಬಕಿಂಗ್‌ಹ್ಯಾಮ್ ಕಾಲುವೆಯ ಕಾಮಗಾರಿಯಲ್ಲಿ ಸಾವಿರಾರು ಜನಕ್ಕೆ ಕೂಲಿ ಒದಗಿಸಿದರು. ಪರಿಹಾರ ಕಾರ್ಯ ನಡೆದಷ್ಟು ಕಾಲ ದೀಕ್ಷಾಸ್ನಾನ ಕೊಡುವುದನ್ನು ನಿಲ್ಲಿಸಿದ್ದರು. ಅನ್ನದ ಆಸೆಗೆ ಯಾರೂ ಕ್ರೈಸ್ತರಾಗಬಾರದೆಂಬುದು ಅವರ ನಿಲುವು. ಪರಿಹಾರ ಮುಗಿದ ಮೇಲೆ, 1878ರ ಜುಲೈ 3ರಂದು, ಒಂದೇ ದಿನದಲ್ಲಿ 2,222 ಜನ ದೀಕ್ಷೆ ಪಡೆದರು. ಆ ದಿನದ ಸಂಖ್ಯೆಯು ಮಿಷನರಿ ಚರಿತ್ರೆಗಳಲ್ಲಿ ವಿಜಯವಾಗಿ ದಾಖಲಾಗಿದೆ. ಆದರೆ ಸೇವೆಯ ವಿಮರ್ಶೆಗೆ ಮುಖ್ಯವಾಗುವುದು ಆ ದಿನಕ್ಕಿಂತ ಅದರ ಹಿಂದಿನ ತಡೆ. ತಾನು ಅತ್ಯಂತ ಹೆಚ್ಚಾಗಿ ಬಯಸಿದ್ದನ್ನೇ ಎದುರಿಗಿರುವವನ ಗೌರವಕ್ಕಾಗಿ ತಡೆಹಿಡಿಯುವುದು ನಿಃಸ್ವಾರ್ಥತೆಯ ನಂಬಲರ್ಹ ಗುರುತು. ಕೊನೆಯಲ್ಲಿ ಬಂದ ಜನಸಮೂಹದಿಂದ ಆ ತಡೆಯ ಬೆಲೆ ಹೆಚ್ಚುವುದಿಲ್ಲ. ಯಾರೂ ಬರದಿದ್ದರೂ ಅದು ಕಡಿಮೆಯಾಗುತ್ತಿರಲಿಲ್ಲ.

ಬಳ್ಳಾರಿಯಲ್ಲಿ 1846ರಲ್ಲಿ ಆರಂಭವಾದ ವಾರ್ಡ್‌ಲಾ ಶಾಲೆಯನ್ನೂ ಈ ಬೆಳಕಿನಲ್ಲಿ ನೋಡಬಹುದು. ಮಿಷನ್ ಶಾಲೆಗಳಲ್ಲಿ ಓದಿದ ಬಹುಪಾಲು ಮಕ್ಕಳು ಕ್ರೈಸ್ತರಾಗಲಿಲ್ಲ. ಮತಾಂತರವೇ ಅಳತೆಗೋಲಾದರೆ ಅದು ಸೋಲು. ಆದರೆ ಮತ ಬದಲಾಗದ ಮಕ್ಕಳಿಗೂ ಪಾಠ ಹೇಳುವುದನ್ನು ಶಾಲೆ ನಿಲ್ಲಿಸಲಿಲ್ಲ. ಉದ್ದೇಶ ಈಡೇರದಿದ್ದರೂ ಮುಂದುವರಿದ ಸೇವೆಯಲ್ಲಿ ಉದ್ದೇಶವನ್ನು ಮೀರಿದ ಏನೋ ಒಂದು ಕೂಡಿಕೊಂಡಿರುತ್ತದೆ. ಶಂಕಿಸುವ ಓದು ಈ ಉಳಿಕೆಗೆ ಲೆಕ್ಕ ಕೊಡಲಾರದು.

5. ತಿರುಗಿ ಬಂದ ಋಣ

ಉಪಕರಿಸಲು ಬಂದವನು ಉಪಕೃತನಾಗುವ ಪ್ರಕ್ರಿಯೆಗೆ ಕನ್ನಡದಲ್ಲಿ ಸ್ಪಷ್ಟ ಸಾಹಿತ್ಯಕ ಸಾಕ್ಷ್ಯಗಳಿವೆ. ಬಾಸೆಲ್ ಮಿಷನಿನ ಹರ್ಮನ್ ಮೊಗ್ಲಿಂಗ್ ಅವರು 1843ರ ಜುಲೈ 1ರಂದು ಆರಂಭಿಸಿದ 'ಮಂಗಳೂರ ಸಮಾಚಾರ'ವು 1844ರಲ್ಲಿ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ'ವೆಂಬ ಹೆಸರಿನಲ್ಲಿ ಅಚ್ಚಿನ ಮೊಳೆಗಳಿಂದ ಮುದ್ರಣಗೊಂಡಿತು. ಊರಿನ ಹೆಸರು ಹೋಗಿ ನುಡಿಯ ಹೆಸರು ಬಂದದ್ದು ಬಳ್ಳಾರಿಯ ನೆಲದಲ್ಲಿ. ಇದೇ ಮೊಗ್ಲಿಂಗ್ ಅವರು ಮುಂದಿನ ವರ್ಷಗಳಲ್ಲಿ ಪ್ರಾಚೀನ ಕನ್ನಡ ಕೃತಿಗಳ ಮಾಲೆಯೊಂದನ್ನು ಸಂಪಾದಿಸಿ ಹೊರತಂದರು. ಬಸವಪುರಾಣ, ಜೈಮಿನಿ ಭಾರತಗಳೊಡನೆ ದಾಸರ ಪದಗಳೂ ಆ ವರ್ಷಗಳಲ್ಲಿ ಅಚ್ಚಾದವು. ಯಾವ ಭಕ್ತಿಮಾರ್ಗವನ್ನು ಬೋಧೆಯಲ್ಲಿ ಖಂಡಿಸಬೇಕಾಗಿತ್ತೋ ಅದೇ ಮಾರ್ಗದ ಹಾಡುಗಳನ್ನು ಕಳೆದುಹೋಗದಂತೆ ಕಾಯ್ದಿಡುವ ಕೆಲಸಕ್ಕೆ ಮಿಷನರಿಯೊಬ್ಬ ಕೈಹಾಕಿದ. ಜನರನ್ನು ಅರಿಯುವುದೇ ಮೊದಲ ಉದ್ದೇಶವಾಗಿದ್ದಿರಬಹುದು. ಆದರೆ ಅಷ್ಟು ಶ್ರಮದ ಸಂಪಾದನೆ ಬರಿಯ ಉಪಾಯದಿಂದ ನಡೆಯುವಂಥದಲ್ಲ.

ಈ ಪ್ರಕ್ರಿಯೆಯ ಪರಿಪಕ್ವ ರೂಪ ಉತ್ತಂಗಿ ಚೆನ್ನಪ್ಪನವರಲ್ಲಿ (1881-1962) ಕಾಣುತ್ತದೆ. ಹಳೆಯ ಬಳ್ಳಾರಿ ಜಿಲ್ಲೆಯ ಹಡಗಲಿ ಸೀಮೆಯ ಉತ್ತಂಗಿ ಅವರ ಮನೆತನದ ಊರು. ಬಾಸೆಲ್ ಮಿಷನಿನ ಪಾಲಕರಾಗಿ ಊರೂರು ಸುತ್ತಿದ ಅವರು ಕ್ರಿಸ್ತನ ಸುವಾರ್ತೆಯನ್ನು ಕೊಡಲು ಹೋದಲ್ಲೆಲ್ಲ ಸರ್ವಜ್ಞನ ತ್ರಿಪದಿಗಳನ್ನು ಕೇಳಿ ಬರೆದುಕೊಂಡು ಬಂದರು. 1924ರಲ್ಲಿ ಪ್ರಕಟವಾದ ಅವರ ಸರ್ವಜ್ಞ ವಚನಗಳ ಸಂಗ್ರಹ ಇಂದಿಗೂ ಆಕರಗ್ರಂಥ. ತಮ್ಮನ್ನು ಅವರು ಪಂಡಿತನೆಂದು ಕರೆದುಕೊಳ್ಳಲಿಲ್ಲ. 'ತಿರುಳ್ಗನ್ನಡದ ತಿರುಕ' ಎಂಬ ಹೆಸರೇ ಅವರೊಡನೆ ಉಳಿಯಿತು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಸ್ಥಾನಕ್ಕೆ ಏರಿದಾಗಲೂ ಅದು ಬದಲಾಗಲಿಲ್ಲ. ಹಂಚಲು ಹೊರಟ ಪಾಲಕನು ಬೇಡುವವನಾಗಿ ಹಿಂತಿರುಗಿದ ಈ ಚಿತ್ರದಲ್ಲಿ ದಾಸೋಹದ ತತ್ತ್ವವೂ ಪಾದ ತೊಳೆದ ಕ್ರಿಸ್ತನ ಆದರ್ಶವೂ ಒಂದಾಗಿವೆ. ಅವರು ಸ್ವಧರ್ಮವನ್ನು ಬಿಡಲಿಲ್ಲ, ಸರ್ವಜ್ಞನನ್ನು ಕ್ರೈಸ್ತನನ್ನಾಗಿಸಲೂ ಇಲ್ಲ. ಪ್ರೀತಿ ಇದ್ದಲ್ಲಿ ಎರಡರ ಅಗತ್ಯವೂ ಬೀಳುವುದಿಲ್ಲ.

6. ಉಪಸಂಹಾರ

ಭಾಗವತ ಪರಂಪರೆಯ ನವವಿಧ ಭಕ್ತಿಯಲ್ಲಿ ದಾಸ್ಯ ಏಳನೆಯದು. ಅದರ ಮುಂದಿನ ಮೆಟ್ಟಿಲು ಸಖ್ಯ, ಕೊನೆಯದು ಆತ್ಮನಿವೇದನ. ಯೋಹಾನನ ಸುವಾರ್ತೆಯಲ್ಲಿಯೂ ಇದಕ್ಕೆ ಹೋಲುವ ಒಂದು ನಡೆ ಇದೆ. 13ನೆಯ ಅಧ್ಯಾಯದಲ್ಲಿ ಕ್ರಿಸ್ತನು ಆಳಿನಂತೆ ಸೊಂಟಕ್ಕೆ ವಸ್ತ್ರ ಕಟ್ಟಿ ಶಿಷ್ಯರ ಕಾಲು ತೊಳೆಯುತ್ತಾನೆ. 15ನೆಯ ಅಧ್ಯಾಯದಲ್ಲಿ ಅವರನ್ನು ಇನ್ನು ಆಳುಗಳೆನ್ನದೆ ಸ್ನೇಹಿತರೆಂದು ಕರೆಯುತ್ತಾನೆ. ಎರಡು ಪರಂಪರೆಗಳ ದೇವತತ್ತ್ವ ಬೇರೆಬೇರೆ. ಅವುಗಳನ್ನು ಒಂದೇ ಎಂದು ಸಮೀಕರಿಸುವುದು ಎರಡಕ್ಕೂ ಅನ್ಯಾಯ. ಆದರೆ ಸೇವೆಯು ತನ್ನಲ್ಲಿಯೇ ಮುಗಿಯದೆ ಸ್ನೇಹದಲ್ಲಿ ಕೊನೆಗಾಣಬೇಕೆಂಬ ತಿಳಿವಳಿಕೆ ಎರಡರಲ್ಲಿಯೂ ಇದೆ.

ಬಳ್ಳಾರಿ ಸೀಮೆಯ ಕ್ರೈಸ್ತ ಸೇವೆಯನ್ನು ಈ ಮಾನದಂಡದಿಂದ ಅಳೆದಾಗ ಅದರ ಮಿತಿ ಮತ್ತು ಸಿದ್ಧಿಗಳೆರಡೂ ತಿಳಿಯಾಗುತ್ತವೆ. ಮುನ್ಷಿಯನ್ನು ಸಹಾಯಕನೆಂದಷ್ಟೇ ಕಂಡಲ್ಲಿ, ದೇಶೀ ಪಾಲಕನನ್ನು ಅಧೀನನಾಗಿ ಇರಿಸಿದಲ್ಲಿ, ನೆರೆಯ ಭಕ್ತಿಯನ್ನು ಕತ್ತಲೆಯೆಂದು ಜರೆದಲ್ಲಿ ಅದು ದಾಸ್ಯದ ಮಾತನಾಡುತ್ತ ಒಡೆತನದಲ್ಲಿಯೇ ನಿಂತಿತು. ಕಲಿಯಲು ಕುಳಿತಲ್ಲಿ, ತಡೆದು ನಿಂತಲ್ಲಿ, ಬೇಡಲು ಕೈಚಾಚಿದಲ್ಲಿ ಸಖ್ಯದ ಹೊಸ್ತಿಲನ್ನು ಮುಟ್ಟಿತು. ಸೇವೆಯಿಂದ ದೊರೆಯುವ ಸಾರ್ಥಕ್ಯವೆಂದು ಕ್ರೈಸ್ತ ಚಿಂತನೆ ಹೇಳುವುದು ಆ ಹೊಸ್ತಿಲಿನಾಚೆಗೆ ಇರುವಂಥದು. ಕುರುಗೋಡಿನ ದಾಸೋಹವಾಗಲಿ ತುಂಗಭದ್ರೆಯ ಎರಡೂ ದಡಗಳ ದಾಸವಾಣಿಯಾಗಲಿ ಆ ಮಾತನ್ನು ಅಲ್ಲಗಳೆಯುವುದಿಲ್ಲ. ಉಣಬಡಿಸುವವನೇ ಋಣಿಯೆಂಬ ಒಂದು ಅಡಿಟಿಪ್ಪಣಿಯನ್ನು ಮಾತ್ರ ಸೇರಿಸುತ್ತವೆ. 1831ರ ಗ್ರಂಥದ ಪ್ರತಿಯೊಂದು ಕನ್ನಡ ಪದದಲ್ಲಿಯೂ ಹೆಸರು ಮರೆತುಹೋದ ಒಬ್ಬ ಮುನ್ಷಿಯ ಉಸಿರಿದೆ. ಬಳ್ಳಾರಿಯ ಕ್ರೈಸ್ತ ಸೇವೆಯ ಚರಿತ್ರೆಯನ್ನು ಮುಂದೆ ಬರೆಯುವವರು ಆ ಋಣವನ್ನು ಮೊದಲ ಪುಟದಲ್ಲಿಯೇ ಬರೆದುಕೊಂಡರೆ, ಆ ಚರಿತ್ರೆಗೆ ತಾನು ಹೇಳಲು ಬಯಸಿದ ಪ್ರೀತಿ ಇನ್ನಷ್ಟು ನಿಚ್ಚಳವಾಗಿ ಒದಗಿಬರುತ್ತದೆ.